ಹುಟ್ಟಿದ ದಿನವೇ ಹಾಲು ಕುಡಿಯದೆ ಸಾಯುವ ಮರಿ: ಸೈಟೊಕೈನ್ ಇಲ್ಲದಿದ್ದರೂ ಬದುಕುತ್ತೆ, ರಿಸೆಪ್ಟರ್ ಇಲ್ಲದಿದ್ದರೆ ಯಾಕಿಲ್ಲ?

ಗಂಗೋತ್ರಿ_ಪ್ರಾಣಿಶಾಸ್ತ್ರ (ಮೈಸೂರು)

ಎಲ್ಲರಿಗೂ ನಮಸ್ಕಾರ. ನವಜಾತ ಸಸ್ತನಿಗಳ ಬೆಳವಣಿಗೆಯಲ್ಲಿ ಸೈಟೊಕೈನ್ ರಿಸೆಪ್ಟರ್‌ಗಳ ಪಾತ್ರದ ಬಗ್ಗೆ ಮಾನಸಗಂಗೋತ್ರಿಯಲ್ಲಿ ಸೆಮಿನಾರ್ ಕೊಡಬೇಕಿದೆ (ಸೈಟೊಕೈನ್ ಅಂದರೆ ಕೋಶಗಳ ನಡುವೆ ಸುದ್ದಿ ಒಯ್ಯುವ ಪ್ರೋಟೀನ್, ರಿಸೆಪ್ಟರ್ ಅಂದರೆ ಅದನ್ನು ಹಿಡಿಯುವ ಕೋಶದ ಮೇಲಿನ ಪ್ರೋಟೀನ್). ಅದರ ಬೆನ್ನಿಗೇ ಇಲಿಗಳ ಮೇಲಿನ ಪ್ರಯೋಗದ ಪ್ರಸ್ತಾವವನ್ನೂ ಬರೆಯಬೇಕು. ಓದಿದಷ್ಟೂ ಒಂದು ಗಂಟು ಬಿಗಿಯಾಗುತ್ತಿದೆ.

ನರಕೋಶಗಳನ್ನು ಉಳಿಸುವ ಸಿಎನ್‌ಟಿಎಫ್ ಎಂಬ ಸೈಟೊಕೈನಿನ ಜೀನನ್ನು ತೆಗೆದ ಇಲಿಮರಿ ಚೆನ್ನಾಗಿಯೇ ಹುಟ್ಟಿ ಬೆಳೆಯುತ್ತದೆ, ವಯಸ್ಸಾದ ಮೇಲೆ ಸ್ನಾಯು ಆಡಿಸುವ ಚಾಲಕ ನರಕೋಶಗಳು ಒಂದಿಷ್ಟು ಕ್ಷೀಣಿಸುತ್ತವೆ ಅಷ್ಟೆ (1993). ಅದೇ ಸೈಟೊಕೈನಿನ ರಿಸೆಪ್ಟರಿನ ಆಲ್ಫಾ ಎಂಬ ಉಪಘಟಕ ತೆಗೆದರೆ ಮರಿ ಮೊಲೆ ಚೀಪುವುದೇ ಇಲ್ಲ, ಹುಟ್ಟಿದ ಒಂದು ದಿನದೊಳಗೆ ಸಾಯುತ್ತದೆ (1995). ಇದೇ ಕುಟುಂಬದ ಎಲ್‌ಐಎಫ್ ಎಂಬ ಸೈಟೊಕೈನ್ ತೆಗೆದ ಇಲಿಗಳೂ ಬದುಕುತ್ತವೆ, ಹೆಣ್ಣಿಲಿಗೆ ಮಾತ್ರ ಗರ್ಭ ನಿಲ್ಲುವುದಿಲ್ಲ (1992). ಎಲ್‌ಐಎಫ್ ರಿಸೆಪ್ಟರ್ ತೆಗೆದ ಮರಿಯೋ ಹುಟ್ಟಿ 24 ಗಂಟೆ ದಾಟುವುದಿಲ್ಲ. ಬೀಗದ ಕೈ ಕಳೆದರೂ ಮನೆ ನಡೆಯುತ್ತೆ, ಬೀಗ ಕೆಟ್ಟರೆ ಮನೆಯೇ ಇಲ್ಲ ಅನ್ನುವ ಹಾಗಿದೆ.

ಹಾಗಾದರೆ ಈ ಮರಿಗಳು ಸಾಯುವುದು ನಿಜವಾಗಿ ಯಾವುದರಿಂದ? ಚೀಪದೆ ಇರುವುದು ಕಾರಣವೋ, ಸಾಯುತ್ತಿರುವ ಮರಿಯ ಲಕ್ಷಣವೋ? ಇಂಥ ಕಾಲೊನಿಯಲ್ಲಿ 21ನೇ ದಿನ ಜಿನೋಟೈಪ್ ಮಾಡಿ (ಜೀನ್ ಪರೀಕ್ಷಿಸಿ) ಒಂದೂ ಹೋಮೊಜೈಗಸ್ (ಜೀನಿನ ಎರಡೂ ಪ್ರತಿ ಹೋದ) ಮರಿ ಸಿಗಲಿಲ್ಲ ಅಂದರೆ, ಗರ್ಭದಲ್ಲೇ ಹೋದವೋ ಹುಟ್ಟಿದ ಮೇಲೆ ಹೋದವೋ ಅಂತ ಪ್ರತ್ಯೇಕಿಸುವುದು ಹೇಗೆ? ಮನುಷ್ಯರ ಮಕ್ಕಳಲ್ಲಿ ಇದಕ್ಕೆ ಸಮನಾದ ಸ್ಥಿತಿ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಜಾಕ್_ಸ್ಟ್ಯಾಟ್

ಗಂಟು ಬಿಚ್ಚುತ್ತೆ, ಆದರೆ ಸೈಟೊಕೈನಿನ ಹೆಸರು ಹಿಡಿದು ಹೊರಡಬೇಡಿ. "ಸಿಎನ್‌ಟಿಎಫ್ ರಿಸೆಪ್ಟರ್" ಅನ್ನುವುದು ಆ ಪ್ರೋಟೀನಿಗೆ ಮೊದಲು ಕಂಡ ಲಿಗ್ಯಾಂಡಿನಿಂದ (ರಿಸೆಪ್ಟರಿಗೆ ಬಂದು ಅಂಟುವ ಅಣುವಿನಿಂದ) ಬಂದ ಹೆಸರು. ಭ್ರೂಣದಲ್ಲಿ ಅದರ ಮೇಲೆ ಕೂರುವ ಲಿಗ್ಯಾಂಡ್ ಬೇರೆ.

ಸಿಎನ್‌ಟಿಎಫ್ ಎಲ್ಲಿ, ಯಾವಾಗ ತಯಾರಾಗುತ್ತದೆ ನೋಡಿ. ಇಲಿಯಲ್ಲಿ ಅದನ್ನು ಮಾಡುವುದು ನರದ ಸುತ್ತಲಿನ ಶ್ವಾನ್ ಕೋಶಗಳು, ಅದೂ ಹುಟ್ಟಿದ ಮೊದಲ ವಾರದಲ್ಲಿ ಶುರು. ಚಾಲಕ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಸಹಜವಾಗಿ ಸಾಯುವುದು ಹುಟ್ಟುವ ಮೊದಲೇ. ಬದುಕುಳಿಯಬೇಕಾದ ಇನ್ನರ್ಧವನ್ನು ಹಿಡಿದು ನಿಲ್ಲಿಸುವ ಹೊತ್ತಿಗೆ ಸಿಎನ್‌ಟಿಎಫ್ ಇನ್ನೂ ಹುಟ್ಟೇ ಇರುವುದಿಲ್ಲ. ಹಾಗಾಗಿ ಅದನ್ನು ತೆಗೆದರೆ ಭ್ರೂಣಕ್ಕೆ ಏನೂ ಆಗುವುದಿಲ್ಲ. ಮನುಷ್ಯರಲ್ಲೂ ಇದೇ ಕಥೆ: ಜಪಾನಿನಲ್ಲಿ ನೂರಕ್ಕೆ ಇಬ್ಬರಷ್ಟು ಜನರಲ್ಲಿ ಸಿಎನ್‌ಟಿಎಫ್‌ನ ಎರಡೂ ಪ್ರತಿಗಳು ಕೆಲಸ ಮಾಡುವುದಿಲ್ಲ. ಅವರಿಗೆ ಅದರಿಂದ ನರರೋಗವೇನೂ ಬಂದಿಲ್ಲ.

ಭ್ರೂಣದಲ್ಲಿ ಆ ರಿಸೆಪ್ಟರಿಗೆ ಬರುವುದು ಸಿಎಲ್‌ಸಿಎಫ್1 ಮತ್ತು ಸಿಆರ್‌ಎಲ್‌ಎಫ್1 ಎಂಬ ಜೋಡಿ. ಮೊದಲನೆಯದು ಒಂಟಿಯಾಗಿ ಕೋಶದಿಂದ ಸರಿಯಾಗಿ ಹೊರಗೇ ಬರುವುದಿಲ್ಲ, ಎರಡನೆಯದು ಅದನ್ನು ಕೈಹಿಡಿದು ಕರೆತರುತ್ತದೆ. ಈಗ ಸಿಆರ್‌ಎಲ್‌ಎಫ್1 ತೆಗೆದ ಇಲಿಮರಿ ನೋಡಿ: ಚೀಪುವುದಿಲ್ಲ, ಒಂದು ದಿನದಲ್ಲಿ ಸಾಯುತ್ತದೆ. ಆಲ್ಫಾ ಉಪಘಟಕ ತೆಗೆದಾಗ ಕಂಡ ಚಿತ್ರವೇ. ನಿಮ್ಮ ವೈರುಧ್ಯ ಇಲ್ಲೇ ಕರಗಿಹೋಗುತ್ತದೆ.

ಎರಡನೆಯ ಸಂಗತಿ ಹಂಚಿಕೆ. ಈ ಕುಟುಂಬದ ರಿಸೆಪ್ಟರ್‌ಗಳಿಗೆ ಸ್ವಂತ ಕೈನೇಸ್ (ಫಾಸ್ಫೇಟ್ ಹಚ್ಚುವ ಕಿಣ್ವ) ಇಲ್ಲ. ಹೊರಭಾಗದಲ್ಲಿ ನಾಲ್ಕು ಸಂರಕ್ಷಿತ ಸಿಸ್ಟೀನ್‌ಗಳು, ಪೊರೆಯ ಹತ್ತಿರ ಟ್ರಿಪ್ಟೋಫ್ಯಾನ್-ಸೆರೀನ್-ಯಾವುದಾದರೊಂದು-ಟ್ರಿಪ್ಟೋಫ್ಯಾನ್-ಸೆರೀನ್ ಎಂಬ ಗುರುತು, ಒಳಗೆ ಜಾಕ್ ಕೈನೇಸ್ ಅಂಟಿಕೊಳ್ಳುವ ಬಾಕ್ಸ್ 1, ಬಾಕ್ಸ್ 2. ಉಪಘಟಕಗಳು ಒಟ್ಟು ಸೇರಿದಾಗ ಜಾಕ್‌ಗಳು ಪರಸ್ಪರ ಫಾಸ್ಫೇಟ್ ಹಚ್ಚಿಕೊಂಡು ಜೀನುಗಳನ್ನು ಚಾಲೂ ಮಾಡುವ ಸ್ಟ್ಯಾಟ್3 ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತವೆ. ಎಲ್‌ಐಎಫ್‌ಗೆ ಬೇಕಾದದ್ದು ಎಲ್‌ಐಎಫ್ ರಿಸೆಪ್ಟರ್ ಮತ್ತು ಇವರೆಲ್ಲ ಹಂಚಿಕೊಳ್ಳುವ ಉಪಘಟಕ ಜಿಪಿ130. ಸಿಎನ್‌ಟಿಎಫ್ ಮತ್ತು ಸಿಎಲ್‌ಸಿಎಫ್1 ಜೋಡಿಗೆ ಇವೆರಡರ ಜೊತೆಗೆ ಆಲ್ಫಾ ಬೇಕು. ಇಂಟರ್‌ಲ್ಯೂಕಿನ್ 6ಕ್ಕೆ ತನ್ನದೇ ಆಲ್ಫಾ, ಜೊತೆಗೆ ಎರಡು ಜಿಪಿ130.

ವಿ.ಸಿ. ನಾಲೆಯ ಬಯಲು ನೋಡಿದವರಿಗೆ ಹೀಗೆ ಹೇಳಬಹುದು: ಗದ್ದೆಯ ತೂಬು ಮುಚ್ಚಿದರೆ ಒಂದು ಗದ್ದೆ ಒಣಗುತ್ತದೆ, ಸೀಳುನಾಲೆ ಮುಚ್ಚಿದರೆ ಒಂದೂರಿನ ಬಯಲು, ದೊಡ್ಡ ನಾಲೆಯ ಬಾಗಿಲನ್ನೇ ಇಳಿಸಿದರೆ ತಾಲ್ಲೂಕು. ಆಲ್ಫಾ ತೂಬು, ಎಲ್‌ಐಎಫ್ ರಿಸೆಪ್ಟರ್ ಸೀಳುನಾಲೆ, ಜಿಪಿ130 ದೊಡ್ಡ ನಾಲೆ. ಆ ಕ್ರಮದಲ್ಲೇ ತೀವ್ರತೆಯೂ ಏರುತ್ತದೆ. ಜಿಪಿ130 ಇಲ್ಲದ ಭ್ರೂಣಗಳು 12.5ನೇ ದಿನದಿಂದಲೇ ಒಂದೊಂದಾಗಿ ಸಾಯುತ್ತವೆ. ಹೃದಯದ ಗೋಡೆ ತೆಳುವಾಗಿರುತ್ತದೆ, ರಕ್ತ ತಯಾರಿಸುವ ಕೋಶಗಳೂ ಕಡಿಮೆ. ಎಲ್‌ಐಎಫ್ ರಿಸೆಪ್ಟರ್ ಇಲ್ಲದವು ಹುಟ್ಟುತ್ತವೆ, ಆದರೆ ಮಾಸಿನ ರಚನೆ ಕೆಟ್ಟಿರುತ್ತದೆ, ಮೂಳೆ ತಿನ್ನುವ ಆಸ್ಟಿಯೊಕ್ಲಾಸ್ಟ್‌ಗಳು ಹಲವು ಪಟ್ಟು ಹೆಚ್ಚಿ ಮೂಳೆ ಸವೆದಿರುತ್ತದೆ, ಮಿದುಳಿನಲ್ಲಿ ಆಸ್ಟ್ರೊಸೈಟ್ ಕಡಿಮೆ, ಮುಖದ ಚಾಲಕ ನರಕೇಂದ್ರದಲ್ಲಿ ಸುಮಾರು ಮೂರನೇ ಒಂದರಷ್ಟು ನರಕೋಶಗಳೇ ಇರುವುದಿಲ್ಲ. ಆಲ್ಫಾ ಇಲ್ಲದವುಗಳಲ್ಲಿ ಎದ್ದು ಕಾಣುವುದು ನರಕೋಶದ ನಷ್ಟ.

ಮೊಲೆ ಚೀಪುವುದು ನಮಗೆ ಸಣ್ಣ ಕೆಲಸವಾಗಿ ಕಾಣುತ್ತದೆ. ಅದಕ್ಕೆ ದವಡೆಗೆ ಐದನೇ ಕಪಾಲ ನರ, ತುಟಿ-ಕೆನ್ನೆಗೆ ಏಳನೆಯದು, ನಾಲಿಗೆಗೆ ಹನ್ನೆರಡನೆಯದು, ನುಂಗಲು ಮಿದುಳಿನ ಕಾಂಡದ ನ್ಯೂಕ್ಲಿಯಸ್ ಆಂಬಿಗ್ಯುಅಸ್‌ನ ಕೋಶಗಳು, ಇಷ್ಟೂ ಒಂದೇ ತಾಳದಲ್ಲಿ ನಡೆಯಬೇಕು. ಬೆನ್ನುಹುರಿಯಲ್ಲಿ ಮೂರನೇ ಒಂದು ಹೋದರೆ ಮರಿ ತೆವಳುತ್ತಾ ಬದುಕೀತು. ಈ ನಾಲ್ಕು ಕಡೆ ಅಷ್ಟು ಹೋದರೆ ಮೊದಲ ದಿನವೇ ಮುಗಿಯಿತು. ನವಜಾತ ಮರಿಯ ಸಾವಿನಲ್ಲಿ ಮೊದಲು ಬಯಲಾಗುವುದು ಆ ಗಳಿಗೆಯಲ್ಲಿ ಅನಿವಾರ್ಯವಾದ ಅಂಗ. ಮಿಕ್ಕ ದೋಷಗಳು ಅದರ ಹಿಂದೆ ಮರೆಯಾಗಿರುತ್ತವೆ.

ಅನಿಮಲ್_ಹೌಸ್_ಕೀಲಿ (ಮೈಸೂರು)

ಮೇಲಿನವರು ಹೇಳಿದ ಕೊನೆಯ ಮಾತಿನಿಂದ ಶುರು ಮಾಡುತ್ತೇನೆ. ಮರಿ ಸತ್ತಿತು ಅನ್ನುವುದು ದತ್ತಾಂಶವಲ್ಲ. ಯಾವ ಗಂಟೆಯಲ್ಲಿ, ಯಾವ ಬಣ್ಣದಲ್ಲಿ, ಹೊಟ್ಟೆಯಲ್ಲಿ ಏನಿಟ್ಟುಕೊಂಡು ಸತ್ತಿತು ಅನ್ನುವುದು ದತ್ತಾಂಶ. 21ನೇ ದಿನದ ಜಿನೋಟೈಪ್ ಇದನ್ನು ಹೇಳುವುದಿಲ್ಲ. ಸತ್ತ ಮರಿಯನ್ನು ತಾಯಿ ತಿಂದುಬಿಡುತ್ತದೆ, ಬೆಳಿಗ್ಗೆ ಪಂಜರ ತೆಗೆದರೆ ಆರು ಮರಿ ಇರುತ್ತವೆ, ಎಂಟು ಹುಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಎಣಿಕೆ. ಹೆಟೆರೊಜೈಗಸ್ (ಒಂದು ಪ್ರತಿ ಮಾತ್ರ ಹೋದ) ಜೋಡಿಯಿಂದ ನಾಲ್ಕರಲ್ಲಿ ಒಂದು ನಲ್ (ಎರಡೂ ಪ್ರತಿ ಹೋದ ಮರಿ) ಬರಬೇಕು. ಸತತ 11 ಮರಿಗಳಲ್ಲಿ ಒಂದೂ ಬರದೆ ಇರುವುದು ಬರೀ ಆಕಸ್ಮಿಕವಾಗಿ ಆಗುವ ಸಾಧ್ಯತೆ ಶೇ. 4ರಷ್ಟು, 16 ಮರಿಗಳಿಗೆ ಶೇ. 1ರಷ್ಟು. ಒಂದೇ ಸೂಲು ನೋಡಿ "ಇಲ್ಲ" ಅನ್ನಬೇಡಿ. ಸಂಪೂರ್ಣ ಇಲ್ಲದಿರುವುದನ್ನು ಹೇಳಲು ಎರಡು-ಮೂರು ಸೂಲು ಸಾಕು. "ಅರ್ಧದಷ್ಟು ಕಡಿಮೆ" ಎಂದು ಹೇಳಬೇಕಾದರೆ ಅದರ ಹಲವು ಪಟ್ಟು ಬೇಕು. ಪ್ರಸ್ತಾವದಲ್ಲಿ ಪ್ರಾಣಿಸಂಖ್ಯೆ ಬರೆಯುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಅದೇ ಎಣಿಕೆಯನ್ನು ಬೇರೆ ಬೇರೆ ವಯಸ್ಸಿನಲ್ಲಿ ಮಾಡಿ. ಹೆಣ್ಣಿಲಿಯಲ್ಲಿ ಕೂಡಿದ ಗುರುತಾದ ಪ್ಲಗ್ ಕಂಡ ದಿನದ ಮಧ್ಯಾಹ್ನವನ್ನು 0.5 ಎಂದಿಟ್ಟುಕೊಂಡು 13.5, 18.5, ಹುಟ್ಟಿದ ದಿನ, 21ನೇ ದಿನ. 18.5ರಲ್ಲಿ ನಲ್ ಭ್ರೂಣ ಕಾಲುಭಾಗ ಇದ್ದು 21ರಲ್ಲಿ ಸೊನ್ನೆಯಾದರೆ ಹುಟ್ಟಿನ ಆಸುಪಾಸಿನ ಸಾವು. 13.5ರಲ್ಲೇ ಕರಗಿದ ಗುರುತುಗಳಿದ್ದರೆ ಮಾಸು, ಹೃದಯ, ರಕ್ತದ ಕಡೆ ನೋಡಿ. ಭ್ರೂಣದ ಡಿಎನ್‌ಎಯನ್ನು ಬಾಲದಿಂದಲೋ ಚೆನ್ನಾಗಿ ತೊಳೆದ ಒಳಪೊರೆಯಿಂದಲೋ ತೆಗೆಯಿರಿ. ಮಾಸಿನ ತುಂಡು ಹಾಕಿದರೆ ತಾಯಿಯ ಅಂಗಾಂಶ ಬೆರೆತು ನಲ್ ಮರಿಯೂ ಹೆಟೆರೊಜೈಗಸ್ ಅಂತ ತೋರುತ್ತದೆ.

ಹುಟ್ಟುವ ರಾತ್ರಿ ಬಹಳ ಮುಖ್ಯ. 18.5ನೇ ದಿನ ಸಂಜೆಯಿಂದ ಮೂರು-ನಾಲ್ಕು ಗಂಟೆಗೊಮ್ಮೆ ಮಂದ ಕೆಂಪು ಬೆಳಕಿನಲ್ಲಿ ನೋಡಿ, ಗೂಡು ಕೆದಕಬೇಡಿ. ಸಾಧ್ಯವಾದರೆ ಕ್ಯಾಮೆರಾ ಇಡಿ. ಹೆರಿಗೆ ಮುಗಿದ ಮೇಲೆ ಕೈಗವಸಿಗೆ ಅದೇ ಗೂಡಿನ ಹಾಸನ್ನು ಉಜ್ಜಿಕೊಂಡು ಮರಿಗಳನ್ನು ತೆಗೆದು 0.01 ಗ್ರಾಂ ತಕ್ಕಡಿಯಲ್ಲಿ ತೂಗಿ. ಸಾಮಾನ್ಯ ಮರಿ 1ರಿಂದ 1.5 ಗ್ರಾಂ. ಗುರುತಿಗೆ ಮಾರ್ಕರ್ ಪೆನ್ ನಂಬಬೇಡಿ, ತಾಯಿ ನೆಕ್ಕಿ ಅಳಿಸುತ್ತದೆ. ಪಾದಕ್ಕೆ ಹಚ್ಚೆ ಹಾಕಿ.

ಈಗ ಮರಿಯನ್ನು ಬೆಳಕಿಗೆ ಹಿಡಿದು ನೋಡಿ. ಚರ್ಮ ಇನ್ನೂ ತೆಳು, ಹಾಲು ಕುಡಿದಿದ್ದರೆ ಹೊಟ್ಟೆಯ ಎಡಬದಿಯಲ್ಲಿ ಪಕ್ಕೆಲುಬಿನ ಕೆಳಗೆ ಅಕ್ಕಿಕಾಳಿನಂತೆ ಬಿಳಿ ಮಚ್ಚೆ ಸ್ಪಷ್ಟವಾಗಿ ಕಾಣುತ್ತದೆ. ಇದು ಹಾಲಿನ ಗುರುತು. ಹುಟ್ಟಿದ ಹತ್ತಿಪ್ಪತ್ತು ನಿಮಿಷದಲ್ಲೇ ನೀಲಿಗಟ್ಟಿ, ಬಾಯಿ ತೆರೆದು ತೆರೆದು ಸತ್ತರೆ ಅದು ಉಸಿರಾಟ ಅಥವಾ ಹೃದಯದ ವಿಷಯ, ಹಾಲಿನದಲ್ಲ. ಶ್ವಾಸಕೋಶದ ತುಂಡನ್ನು ಫಿಕ್ಸೆಟಿವ್‌ಗೆ ಹಾಕುವ ಮೊದಲು ಬಫರ್‌ನಲ್ಲಿ ಬಿಡಿ, ತೇಲಿದರೆ ಮರಿ ಉಸಿರೆಳೆದಿತ್ತು, ಮುಳುಗಿದರೆ ಇಲ್ಲ. ಗುಲಾಬಿ ಬಣ್ಣದಲ್ಲೇ ಇದ್ದು, ಕೈಕಾಲು ಆಡಿಸುತ್ತಾ, ಹಾಲಿನ ಗುರುತಿಲ್ಲದೆ 12ರಿಂದ 24 ಗಂಟೆಯಲ್ಲಿ ಕುಗ್ಗಿದರೆ ಅದು ಹಸಿವಿನ ಸಾವು. ಯಕೃತ್ತಿನ ಗ್ಲೈಕೊಜೆನ್ ಮರಿಯನ್ನು ಅಷ್ಟು ಹೊತ್ತು ತಳ್ಳುತ್ತದೆ. ನಿಮ್ಮ "ಕಾರಣವೋ ಲಕ್ಷಣವೋ" ಪ್ರಶ್ನೆಗೆ ಗಡಿಯಾರವೇ ಉತ್ತರ ಕೊಡುತ್ತದೆ.

ಹಾಲಿನ ಗುರುತಿಲ್ಲ ಅಂದ ಮಾತ್ರಕ್ಕೆ ಚಾಲಕ ನರ ಅಂತ ಬರೆಯಬೇಡಿ. ಕೆಳದವಡೆ ಬಿಡಿಸಿ ಅಂಗುಳ ನೋಡಿ. ಸೀಳಂಗುಳವಿದ್ದ ಮರಿಯ ಹೊಟ್ಟೆ-ಕರುಳಿನಲ್ಲಿ ಹಾಲಿನ ಬದಲು ಗಾಳಿ ತುಂಬಿರುತ್ತದೆ. ವಾಸನೆ ಹಿಡಿಯಲಾಗದ ಮರಿಗೆ ಮೊಲೆತೊಟ್ಟು ಸಿಗುವುದಿಲ್ಲ, ಆದರೆ ಬಾಯಿಗೆ ಇಟ್ಟರೆ ಚೀಪುತ್ತದೆ. ಸಣ್ಣ ಕುಂಚದ ತುದಿಯನ್ನು ಬಾಯಿಯ ಬದಿಗೆ ತಾಗಿಸಿ: ತಲೆ ತಿರುಗಿಸುತ್ತದೆಯೇ, ದವಡೆ ಆಡಿಸುತ್ತದೆಯೇ, ನಾಲಿಗೆ ಸುತ್ತುತ್ತದೆಯೇ, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಇನ್ನೊಂದು ಮೋಸ ತಾಯಿಯದು. ಸೂಲಿನ ಎಲ್ಲ ಮರಿಗಳಲ್ಲೂ ಗುರುತಿಲ್ಲದಿದ್ದರೆ ಮರಿಯನ್ನು ಬಿಟ್ಟು ತಾಯಿಯನ್ನು ನೋಡಿ. ಪ್ರೊಲ್ಯಾಕ್ಟಿನ್ ರಿಸೆಪ್ಟರ್ ಕೂಡ ಇದೇ ಸೈಟೊಕೈನ್ ರಿಸೆಪ್ಟರ್ ಕುಟುಂಬದ್ದು. ಅದರ ಒಂದೇ ಪ್ರತಿ ಇರುವ ಹೆಣ್ಣಿಲಿ ಚೊಚ್ಚಲ ಸೂಲಿನಲ್ಲಿ ಹಾಲೂಡಿಸಲಾರದು, ಮುಂದಿನ ಸೂಲಿನಲ್ಲಿ ಊಡಿಸುತ್ತದೆ. ಚೊಚ್ಚಲ ಸೂಲಿನ ಲೆಕ್ಕ ಮಾತ್ರ ಹಿಡಿದವರು ಮರಿಗಳಿಗೇ ದೋಷ ಹೊರಿಸಿಬಿಡುತ್ತಾರೆ. ಅದೇ ದಿನ ಈದ ಸಾಮಾನ್ಯ ತಳಿಯ ತಾಯಿಯ ಹತ್ತಿರ ಅರ್ಧ ಮರಿಗಳನ್ನು ಬಿಟ್ಟು ನೋಡಿದರೆ ಸಂಶಯ ತೀರುತ್ತದೆ. ಬಿಡುವ ಮೊದಲು ಮರಿಗಳನ್ನು ಸಾಕುತಾಯಿಯ ಹಾಸಿನಲ್ಲಿ ಹೊರಳಿಸಿ.

ಪ್ರಾಣಿ ನೀತಿ ಸಮಿತಿಗೆ ಕೊಡುವ ಫಾರ್ಮ್ ಬಿಯಲ್ಲಿ ಮರಿಗಳ ಅಂತ್ಯಬಿಂದು ಮೊದಲೇ ಬರೆಯಿರಿ: ಹಾಲಿನ ಗುರುತಿಲ್ಲ, ಮೈ ತಣ್ಣಗಾಗಿದೆ, ಮುಟ್ಟಿದರೆ ಹೊರಳುತ್ತಿಲ್ಲ ಎಂದರೆ ಅಲ್ಲಿಗೆ ನಿಲ್ಲಿಸುವುದು. ಸಾಯುವವರೆಗೆ ನೋಡುತ್ತಾ ಕೂರುವುದನ್ನು ಸಮಿತಿ ಒಪ್ಪಬಾರದು, ನಾವೂ ಬಯಸಬಾರದು. ಇಂಗಾಲದ ಡೈಆಕ್ಸೈಡ್ ಮಾತ್ರ ಬರೆದರೆ ತಪ್ಪಾಗುತ್ತದೆ. ಹುಟ್ಟಿದ ಮೊದಲ ಹತ್ತು ದಿನ ಮರಿಗಳು ಆಮ್ಲಜನಕದ ಕೊರತೆಯನ್ನು ವಿಪರೀತ ತಡೆದುಕೊಳ್ಳುತ್ತವೆ. ಸತ್ತಂತೆ ಕಂಡ ಮರಿ ಆಮೇಲೆ ಎದ್ದು ಉಸಿರಾಡುತ್ತದೆ. ಎರಡನೆಯ ಭೌತಿಕ ವಿಧಾನ ಕಡ್ಡಾಯ.

ಗಂಗೋತ್ರಿ_ಪ್ರಾಣಿಶಾಸ್ತ್ರ (ಮೈಸೂರು)

ತುಂಬಾ ಧನ್ಯವಾದ ಸರ್, ತಾಯಿಯ ವಿಷಯ ನನ್ನ ಲೆಕ್ಕದಲ್ಲೇ ಇರಲಿಲ್ಲ. ರಿಸೆಪ್ಟರ್ ನಿಜವಾಗಿ ಹೋಗಿದೆ ಅಂತ ತೋರಿಸಲು ಸ್ಟ್ಯಾಟ್3 ಬ್ಲಾಟ್ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಸಾಕೇ? ನವಜಾತ ಮಿದುಳಿನಲ್ಲಿ ಸಾಮಾನ್ಯ ಮರಿಗೂ ಫಾಸ್ಫೊ (ಫಾಸ್ಫೇಟ್ ಹತ್ತಿದ ಸ್ಟ್ಯಾಟ್3ರ) ಪಟ್ಟಿ ತೀರಾ ಮಸುಕಾಗಿ ಬರುತ್ತದೆ ಅನ್ನುತ್ತಾರೆ.

ಜಾಕ್_ಸ್ಟ್ಯಾಟ್

ಮಸುಕಾಗುವುದು ಹೆಚ್ಚಿನ ಸಲ ಕೈಕೆಲಸದಿಂದ. ಅಂಗಾಂಶ ಹೊರಬಂದ ಕ್ಷಣದಿಂದ ಫಾಸ್ಫಟೇಸ್‌ಗಳು ಟೈರೊಸೀನ್ 705ರ ಮೇಲಿನ ಫಾಸ್ಫೇಟನ್ನು ಕಳಚುತ್ತಾ ಹೋಗುತ್ತವೆ. ಒಂದೆರಡು ನಿಮಿಷದೊಳಗೆ ದ್ರವ ಸಾರಜನಕಕ್ಕೆ ಹೋಗಬೇಕು. ಎಂಟು ಮರಿಗಳನ್ನು ಸಾಲಾಗಿ ಬಿಡಿಸಿ ಆಮೇಲೆ ಹೆಪ್ಪುಗಟ್ಟಿಸಿದರೆ ಮೊದಲ ಮರಿಗೂ ಕೊನೆಯದಕ್ಕೂ ಕಾಣುವ ವ್ಯತ್ಯಾಸ ನಿಮ್ಮ ಕೈವೇಗದ್ದು, ಜೀನಿನದ್ದಲ್ಲ.

ಲೈಸಿಸ್ ಬಫರ್‌ನಲ್ಲಿ ಸೋಡಿಯಂ ಆರ್ಥೊವನಡೇಟ್ 1 ಮಿಲಿಮೋಲಾರ್ ಹಾಕಿ, ಆದರೆ ಸಕ್ರಿಯಗೊಳಿಸಿ ಹಾಕಿ: ಪಿಎಚ್ 10ಕ್ಕೆ ತಂದು ಹಳದಿ ಬಣ್ಣ ಪೂರ್ತಿ ಹೋಗುವವರೆಗೆ ಕುದಿಸಿ, ತಣಿಸಿ, ಮತ್ತೆ ಪಿಎಚ್ ಸರಿಮಾಡಿ, ಹೀಗೆ ಬಣ್ಣ ನಿಲ್ಲದಾಗುವ ತನಕ. ಹಳದಿ ಇರುವ ವನಡೇಟ್ ಟೈರೊಸೀನ್ ಫಾಸ್ಫಟೇಸನ್ನು ಸರಿಯಾಗಿ ತಡೆಯದು. ಅದೇ ಬಫರ್‌ಗೆ ಇಡಿಟಿಎ, ಡಿಟಿಟಿ ಸುರಿದರೆ ವನಡೇಟ್ ಹಾಕಿಯೂ ಹಾಕದಂತೆ. ಸೋಡಿಯಂ ಫ್ಲೋರೈಡ್ ಮತ್ತು ಪಿಎಂಎಸ್‌ಎಫ್ ಜೊತೆಗಿರಲಿ, ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುವುದರಿಂದ ಕೊನೆಯಲ್ಲಿ ಸೇರಿಸಿ. ಬ್ಲಾಟ್ ತಡೆಗೆ ಹಾಲಿನ ಪುಡಿ ಬೇಡ, ಕೇಸಿನ್ ಸ್ವತಃ ಫಾಸ್ಫೊಪ್ರೋಟೀನ್. ಶೇ. 5 ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಬಳಸಿ.

ಮಿದುಳಿಗಿಂತ ಗಟ್ಟಿಯಾದ ಸಾಕ್ಷ್ಯ 13.5ನೇ ದಿನದ ಭ್ರೂಣದ ಫೈಬ್ರೊಬ್ಲಾಸ್ಟ್‌ಗಳಿಂದ ಸಿಗುತ್ತದೆ. ಸೀರಮ್ ಇಳಿಸಿ ನಾಲ್ಕು ಗಂಟೆ ಬಿಟ್ಟು, ಎಲ್‌ಐಎಫ್ ಮಿಲಿಲೀಟರ್‌ಗೆ 10 ನ್ಯಾನೊಗ್ರಾಂ, 15 ನಿಮಿಷ. ಒಂದು ಗಂಟೆ ಕಾದರೆ ಎಸ್‌ಒಸಿಎಸ್3 ಎಂಬ ತಡೆ ಪ್ರೋಟೀನ್ ಬಂದು ಸಂಕೇತವನ್ನು ಅದುಮುತ್ತದೆ, ಆಮೇಲೆ ಸಾಮಾನ್ಯ ಕೋಶವೂ ನಲ್ ಥರ ಕಾಣುತ್ತದೆ. ಈ ಅದುಮುವ ಕೆಲಸವೇನೂ ಕಮ್ಮಿಯದಲ್ಲ: ಎಸ್‌ಒಸಿಎಸ್3 ಇಲ್ಲದ ಭ್ರೂಣ ಮಾಸು ಕೆಟ್ಟು ನಡುಗರ್ಭದಲ್ಲೇ ಸಾಯುತ್ತದೆ, ಅದಕ್ಕೇ ಎಲ್‌ಐಎಫ್ ರಿಸೆಪ್ಟರನ್ನೂ ತೆಗೆದರೆ ಮಾಸು ಸರಿಹೋಗಿ ಗರ್ಭದ ಸಾವು ತಪ್ಪುತ್ತದೆ. ರಿಸೆಪ್ಟರ್ ಇಲ್ಲದಿರುವುದಷ್ಟೇ ಅಪಾಯವಲ್ಲ, ನಿಲ್ಲಿಸುವವರಿಲ್ಲದೆ ಕೂಗುತ್ತಲೇ ಇರುವುದೂ ಅಪಾಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ದಾರಿಯಲ್ಲಿಲ್ಲ.

ಎಲ್‌ಐಎಫ್ ಒಂದನ್ನೇ ಹಾಕಿ ಪಟ್ಟಿ ಬರಲಿಲ್ಲ ಎಂದರೆ ಏನೂ ಸಾಬೀತಾಗಲಿಲ್ಲ. ಪಕ್ಕದ ಬಾವಿಗೆ ಇಂಟರ್‌ಲ್ಯೂಕಿನ್ 6 ಮತ್ತು ಅದರ ಕರಗುವ ಆಲ್ಫಾ ರಿಸೆಪ್ಟರ್ ಸೇರಿಸಿ ಹಾಕಿ. ಅದು ಜಿಪಿ130 ಮೂಲಕವೇ ಹೋಗುತ್ತದೆ, ಎಲ್‌ಐಎಫ್ ರಿಸೆಪ್ಟರ್ ಬೇಡ. ಅಲ್ಲಿ ಪಟ್ಟಿ ಬಂದು ಎಲ್‌ಐಎಫ್‌ಗೆ ಬರದಿದ್ದರೆ ಮಾತ್ರ ದೋಷ ಎಲ್‌ಐಎಫ್ ರಿಸೆಪ್ಟರಿನದು. ಎರಡಕ್ಕೂ ಬರದಿದ್ದರೆ ಇಂಟರ್‌ಫೆರಾನ್ ಗಾಮಾ ಕೊಟ್ಟು ಸ್ಟ್ಯಾಟ್1 ನೋಡಿ, ಕೋಶಕ್ಕೆ ಜೀವ ಇದೆಯೇ ಅಂತ ಗೊತ್ತಾಗಲಿ.

ಯಾವ ಜಾತಿಯ ಸೈಟೊಕೈನ್ ಅಂತ ಬಾಟಲಿ ಓದಿ. ಮನುಷ್ಯನ ಎಲ್‌ಐಎಫ್ ಇಲಿಯ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ, ಇಲಿಯದು ಮನುಷ್ಯಕೋಶದ ಮೇಲೆ ಮಾಡುವುದಿಲ್ಲ. ಇಂಟರ್‌ಫೆರಾನ್ ಗಾಮಾ ಆಯಾ ಜಾತಿಯದೇ ಬೇಕು. ಮನುಷ್ಯನ ಆಂಕೊಸ್ಟಾಟಿನ್ ಎಂ ಅನ್ನು ಇಲಿಕೋಶಕ್ಕೆ ಹಾಕಿದರೆ ಅದು ತನ್ನ ರಿಸೆಪ್ಟರ್ ಬಿಟ್ಟು ಎಲ್‌ಐಎಫ್ ರಿಸೆಪ್ಟರ್ ಮೂಲಕ ಹೋಗುತ್ತದೆ. ಅದನ್ನು ನಿಯಂತ್ರಣಕ್ಕೆ ಅಂತ ಇಟ್ಟುಕೊಂಡರೆ ತೀರ್ಮಾನ ತಲೆಕೆಳಗಾಗುತ್ತದೆ. ಇನ್ನೊಂದು ಚಿಕ್ಕ ಮಾತು: ಸಿಎನ್‌ಟಿಎಫ್ ರಿಸೆಪ್ಟರ್ ಆಲ್ಫಾ ಪೊರೆಗೆ ಜಿಪಿಐ ಎಂಬ ಕೊಬ್ಬಿನ ಕೊಂಡಿಯಲ್ಲಿ ನೇತಾಡುವ ಪ್ರೋಟೀನ್. ತಣ್ಣನೆಯ ಟ್ರೈಟಾನ್‌ನಲ್ಲಿ ಸಾಕಷ್ಟು ಭಾಗ ಕರಗದೆ ತಳಕ್ಕೆ ಹೋಗುತ್ತದೆ. ಮೇಲಿನ ದ್ರವದಲ್ಲಿ ಕಾಣಲಿಲ್ಲ ಅಂತ ಬರೆಯುವ ಮೊದಲು ತಳದ ಉಂಡೆಯನ್ನೂ ಓಡಿಸಿ ನೋಡಿ.

ಎನ್‌ಐಸಿಯು_ಪಾಳಿ (ಮೈಸೂರು)

ಮನುಷ್ಯರ ಬಗ್ಗೆ ಕೇಳಿದ್ದೀರಿ. ಇಲಿಯ ಮೂರೂ ಸ್ಥಿತಿಗಳಿಗೆ ಶಿಶುಗಳಲ್ಲಿ ಜೋಡಿ ಇದೆ.

ಸಿಆರ್‌ಎಲ್‌ಎಫ್1 ಎರಡೂ ಪ್ರತಿ ಕೆಟ್ಟರೆ ಕ್ರಿಸ್ಪೊನಿ ಸಿಂಡ್ರೋಮ್. 1996ರಲ್ಲಿ ಸಾರ್ಡೀನಿಯಾದ ಶಿಶುಗಳಲ್ಲಿ ವರ್ಣಿಸಿದ್ದು, ಜೀನ್ ಗೊತ್ತಾಗಿದ್ದು 2007ರಲ್ಲಿ. ಮಗು ಹುಟ್ಟಿದಾಗಿನಿಂದಲೇ ಚೀಪಲಾರದು. ಮುಟ್ಟಿದರೆ, ಅತ್ತರೆ ಮುಖ ಬಿಗಿದುಕೊಂಡು ತುಟಿ ಮುಂದಕ್ಕೆ ಚಾಚುತ್ತದೆ, ಬಾಯಲ್ಲಿ ಜೊಲ್ಲು ನಿಲ್ಲುತ್ತದೆ, ಸುಮ್ಮನಾದಾಗ ಬಿಗಿ ಸಡಿಲುತ್ತದೆ. ಬೆರಳುಗಳು ಮಡಚಿರುತ್ತವೆ. ಸೋಂಕಿಲ್ಲದೆಯೇ ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇದನ್ನು ನವಜಾತ ಧನುರ್ವಾಯು ಎಂದು ತಿಳಿಯುವ ಅಪಾಯ ದೊಡ್ಡದು. ಭಾರತದಲ್ಲಿ ತಾಯಿ ಮತ್ತು ನವಜಾತ ಧನುರ್ವಾಯುವಿನ ನಿರ್ಮೂಲನೆ 2015ರಲ್ಲಿ ದೃಢಪಟ್ಟಿದೆ, ಆದರೂ ಹೊರಗೆ ಹೆರಿಗೆಯಾದ ಮಗು ಬಿಗಿದುಕೊಂಡು ಬಂದರೆ ಮೊದಲು ಹೊಳೆಯುವುದು ಅದೇ. ಧನುರ್ವಾಯುವಿನ ಮಗು ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದು, ಮೂರನೇ ದಿನದ ಮೇಲೆ ಬಿಡುತ್ತದೆ. ಕ್ರಿಸ್ಪೊನಿ ಮಗು ಮೊದಲ ಗುಕ್ಕೂ ಕುಡಿದಿರುವುದಿಲ್ಲ. ತಾಯಿಗೆ ಕೇಳಬೇಕಾದ ಪ್ರಶ್ನೆ ಒಂದೇ: "ಅಮ್ಮಾ, ಮಗು ಒಂದು ಸಲವಾದರೂ ಸರಿಯಾಗಿ ಮೊಲೆ ಹಿಡಿದಿತ್ತಾ?"

ಆರೈಕೆ ಅಂದರೆ ಮೂಗಿನ ನಳಿಕೆಯಲ್ಲಿ ಹಾಲು, ಜ್ವರಕ್ಕೆ ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ಕೊಡುವ ಬದಲು ಮೈ ತಣ್ಣಗೆ ಮಾಡುವುದು, ಆ್ಯಂಟಿಬಯೋಟಿಕ್‌ಗಳನ್ನು ಕಲ್ಚರ್ ನೋಡಿ ನಿಲ್ಲಿಸುವುದು. ಶೈಶವ ದಾಟಿದ ಮಕ್ಕಳಿಗೆ ಚೀಪುವ, ನುಂಗುವ ತೊಂದರೆ ತಗ್ಗುತ್ತದೆ, ದೊಡ್ಡವರಾದಾಗ ಚಳಿಯಲ್ಲಿ ಬೆವರುವುದು ಶುರುವಾಗುತ್ತದೆ. ಇಲಿಮರಿಗೆ ನಳಿಕೆ ಹಾಕುವವರಿಲ್ಲ, ಮಗುವಿಗೆ ನಾವಿದ್ದೇವೆ. ಇಲಿಯಲ್ಲಿ ಶೇ. 100 ಸಾವು ಎಂದ ಮಾತ್ರಕ್ಕೆ ಹೆತ್ತವರ ಮುಂದೆ ಕೈಚೆಲ್ಲಬಾರದು.

ಎಲ್‌ಐಎಫ್ ರಿಸೆಪ್ಟರ್ ಕೆಟ್ಟರೆ ಸ್ಟೂವೆ-ವೀಡೆಮಾನ್ ಸಿಂಡ್ರೋಮ್ (2004): ಕಾಲುಮೂಳೆ ಬಾಗಿರುತ್ತದೆ, ಉಸಿರಾಟ ಮತ್ತು ನುಂಗುವುದು ಕಷ್ಟ, ಅದೇ ಜ್ವರ. ಇಲಿಯ ಮೂಳೆ ಸವೆತ ನೆನಪಿಸಿಕೊಳ್ಳಿ. ಜಿಪಿ130 ಪೂರ್ತಿ ಕೆಟ್ಟ ಶಿಶುಗಳಲ್ಲಿ ಅದರ ಇನ್ನೂ ತೀವ್ರ ರೂಪ.

ಇವೆಲ್ಲ ಅಪರೂಪ. ವಾರ್ಡಿನಲ್ಲಿ ರಿಸೆಪ್ಟರ್ ದೋಷ ಹೆಚ್ಚಾಗಿ ಬರುವುದು ರೋಗನಿರೋಧಕತೆಯ ಕಡೆಯಿಂದ. ಇಂಟರ್‌ಲ್ಯೂಕಿನ್ 2, 4, 7, 9, 15, 21 ಆರೂ ಹಂಚಿಕೊಳ್ಳುವ ಕಾಮನ್ ಗಾಮಾ ಸರಪಳಿ ಕೆಟ್ಟ ಗಂಡುಮಗು ಹುಟ್ಟುವಾಗ ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ. ನಮ್ಮಲ್ಲಿ ಹುಟ್ಟಿದ ತಕ್ಷಣ ಬಿಸಿಜಿ, ಪೋಲಿಯೊ ಹನಿ ಕೊಡುತ್ತೇವೆ, ಎರಡೂ ಜೀವಂತ ಲಸಿಕೆ. ಈ ಮಗುವಿನಲ್ಲಿ ಬಿಸಿಜಿ ಮೈತುಂಬಾ ಹರಡುತ್ತದೆ. ಆದ್ದರಿಂದ ಲಸಿಕೆಗೆ ಮೊದಲು ಎರಡು ಪ್ರಶ್ನೆ: ತಾಯಿಯ ಅಣ್ಣತಮ್ಮಂದಿರೋ ಮೊದಲ ಗಂಡುಮಕ್ಕಳೋ ವರ್ಷ ತುಂಬುವ ಮೊದಲು ಸೋಂಕಿನಿಂದ ತೀರಿಕೊಂಡಿದ್ದಾರೆಯೇ? ಸೋದರಮಾವನ ಜೊತೆಯೋ ಅತ್ತೆ-ಮಾವನ ಮಕ್ಕಳ ನಡುವೆಯೋ ಆದ ಮದುವೆಯೇ? ಮೊದಲನೆಯದು ಎಕ್ಸ್ ವರ್ಣತಂತುವಿನ ಗಾಮಾ ಸರಪಳಿಯ ಕಡೆ ಬೆರಳು ಮಾಡುತ್ತದೆ, ಎರಡನೆಯದು ಇಂಟರ್‌ಲ್ಯೂಕಿನ್ 7 ರಿಸೆಪ್ಟರ್, ಜಾಕ್3ರಂಥ ಹಿಂಜರಿತ ದೋಷಗಳ ಕಡೆ. ಹೌದು ಅಂದರೆ ಜೀವಂತ ಲಸಿಕೆ ತಡೆಹಿಡಿದು, ಸಾದಾ ರಕ್ತದ ಎಣಿಕೆಯಲ್ಲಿ ಲಿಂಫೊಸೈಟ್‌ಗಳ ಒಟ್ಟು ಸಂಖ್ಯೆ ಲೆಕ್ಕಹಾಕಿ. ಮೈಕ್ರೊಲೀಟರ್‌ಗೆ 3000ಕ್ಕಿಂತ ಕಡಿಮೆ ಇದ್ದರೆ ಮತ್ತೆ ಮಾಡಿಸಿ ಫ್ಲೋ ಸೈಟೊಮೆಟ್ರಿಗೆ ಕಳಿಸಿ. ಈ ಎಣಿಕೆಯ ಕಾಗದ ಕೇಸ್ ಶೀಟಿನಲ್ಲಿ ಇರುತ್ತದೆ, ಶೇಕಡಾವಾರನ್ನು ಒಟ್ಟು ಬಿಳಿಕಣಗಳಿಗೆ ಗುಣಿಸಿ ನೋಡುವವರು ಕಡಿಮೆ.

ಸೆಮಿನಾರಿಗೆ ಒಂದು ಎಚ್ಚರಿಕೆ: ಇಂಟರ್‌ಲ್ಯೂಕಿನ್ 7 ರಿಸೆಪ್ಟರ್ ಇಲ್ಲದ ಇಲಿಯಲ್ಲಿ ಟಿ ಕೋಶದ ಜೊತೆ ಬಿ ಕೋಶವೂ ಬೆಳೆಯುವುದಿಲ್ಲ. ಮನುಷ್ಯ ಶಿಶುವಿನಲ್ಲಿ ಬಿ ಕೋಶ ಇರುತ್ತದೆ. ಇಲಿಯ ಚಿತ್ರವನ್ನು ಹಾಗೇ ತಂದು ಮಗುವಿನ ಮೇಲೆ ಹಾಕಬೇಡಿ.

ಬನ್ನೂರು_ಕುರಿ (ಮಂಡ್ಯ)

ಪಶುವೈದ್ಯದ ಕಡೆಯಿಂದ ಎರಡು ಮಾತು. ನಾಯಿಗಳಲ್ಲಿ, ಬ್ಯಾಸೆಟ್ ಹೌಂಡ್ ಮತ್ತು ಕಾರ್ಡಿಗನ್ ವೆಲ್ಶ್ ಕಾರ್ಗಿ ತಳಿಗಳಲ್ಲಿ, ಇದೇ ಗಾಮಾ ಸರಪಳಿಯ ದೋಷ ತಾನಾಗಿಯೇ ಕಂಡಿದೆ. ಗಂಡುಮರಿಗಳು ಆರೆಂಟು ವಾರದವರೆಗೆ ಚೆನ್ನಾಗಿದ್ದು, ತಾಯಿಯಿಂದ ಬಂದ ಪ್ರತಿಕಾಯ ತಗ್ಗಿದಂತೆ ಕಾಯಿಲೆ ಬೀಳುತ್ತವೆ. ಮೇಲೆ ಡಾಕ್ಟರು ಹೇಳಿದ "ಹುಟ್ಟುವಾಗ ಆರೋಗ್ಯ" ಅನ್ನುವುದರ ಹಿಂದೆ ಇರುವುದೂ ತಾಯಿಯ ಸಾಲವೇ. ಮನುಷ್ಯರಲ್ಲಿ ಆ ಸಾಲ ಮಾಸಿನ ಮೂಲಕ ಮೊದಲೇ ಬಂದಿರುತ್ತದೆ. ಹಸು, ಕುರಿ, ಮೇಕೆಯಲ್ಲಿ ಮಾಸು ಪ್ರತಿಕಾಯವನ್ನು ದಾಟಿಸುವುದಿಲ್ಲ, ಎಲ್ಲವೂ ಗಿಣ್ಣುಹಾಲಿನಲ್ಲೇ ಬರಬೇಕು. ಸುಮಾರು 24 ಗಂಟೆಗೆ ಕರುಳಿನ ಬಾಗಿಲು ಮುಚ್ಚುತ್ತದೆ. ಹಾಗಾಗಿ ಚೀಪದ ಕುರಿಮರಿ ಹಸಿವಿನ ಜೊತೆ ರಕ್ಷಣೆಯನ್ನೂ ಕಳೆದುಕೊಳ್ಳುತ್ತದೆ.

ಇದನ್ನು ಓದಿ ಚೀಪದ ಮರಿಗೆಲ್ಲ ರಿಸೆಪ್ಟರ್ ದೋಷ ಅಂತ ಅಂದುಕೊಳ್ಳಬೇಡಿ ದಯವಿಟ್ಟು. ಹಟ್ಟಿಯಲ್ಲಿ ಕಾರಣ ಸಾಮಾನ್ಯವಾಗಿ ಚಳಿ, ಕಷ್ಟದ ಹೆರಿಗೆಯಲ್ಲಿ ಆಮ್ಲಜನಕ ಸಾಲದಿರುವುದು, ಸಕ್ಕರೆ ಇಳಿದಿರುವುದು, ಅಥವಾ ಸೆಲೆನಿಯಂ-ವಿಟಮಿನ್ ಇ ಕೊರತೆಯಿಂದ ನಾಲಿಗೆ, ಕುತ್ತಿಗೆಯ ಸ್ನಾಯು ಸೋತಿರುವುದು. ಬಾಯಿಗೆ ಬೆರಳಿಟ್ಟು ನೋಡಿ: ಬಾಯಿ ಬೆಚ್ಚಗಿದ್ದು ಚೀಪಿದರೆ ಮೊಲೆಗೆ ಹಚ್ಚಿ, ತಣ್ಣಗಿದ್ದರೆ ಥರ್ಮಾಮೀಟರ್ ಹಾಕಿ. ಸಹಜ ಉಷ್ಣ 39ರಿಂದ 40. 37ಕ್ಕಿಂತ ಕೆಳಗಿದ್ದು ಹುಟ್ಟಿ ಐದು ಗಂಟೆ ದಾಟಿದ್ದರೆ, ಬೆಚ್ಚಗೆ ಮಾಡುವ ಮೊದಲೇ ಶೇ. 20ರ ಗ್ಲೂಕೋಸ್ ಕಿಲೋಗೆ 10 ಮಿಲಿಯಂತೆ, ಮೈಬಿಸಿಗೆ ತಂದು, ಹೊಟ್ಟೆಯ ಪೊರೆಯೊಳಗೆ ಕೊಡಬೇಕು, ಇದನ್ನು ಪಶುವೈದ್ಯರೇ ಮಾಡಲಿ. ಸಕ್ಕರೆ ಕೊಡದೆ ಕಾಯಿಸಿದರೆ ಉಳಿದ ಚೂರು ಗ್ಲೂಕೋಸೂ ಉರಿದು ಸೆಳೆತ ಬಂದು ಸಾಯುತ್ತದೆ. ತಲೆ ಎತ್ತುವಂತಾದ ಮೇಲೆ ಗಿಣ್ಣುಹಾಲು ಕಿಲೋ ತೂಕಕ್ಕೆ 50 ಮಿಲಿ ನಳಿಕೆಯಲ್ಲಿ, ಮೊದಲ ದಿನಕ್ಕೆ ಒಟ್ಟು ಕಿಲೋಗೆ 200 ಮಿಲಿ. ತಲೆ ಎತ್ತದ ಮರಿಗೆ ನಳಿಕೆ ಹಾಕಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ, ಮೈ ಬೆಚ್ಚಗಿದ್ದು, ಸಕ್ಕರೆ ಸರಿಯಿದ್ದು, ಒಂದೇ ಟಗರಿನ ಸಂತಾನದಲ್ಲಿ, ಅದರ ಮಗಳಿಗೇ ಅದನ್ನು ಬಿಟ್ಟ ಸೂಲುಗಳಲ್ಲಿ ಮತ್ತೆ ಮತ್ತೆ ಚೀಪದ ಮರಿ ಬಂದರೆ ಆಗ ಆನುವಂಶಿಕ ಅಂತ ಯೋಚಿಸಿ. ಟಗರು ಬದಲಿಸಿ, ಸತ್ತ ಮರಿಯ ಕಿವಿಯ ತುಂಡು ಆಲ್ಕೊಹಾಲ್‌ನಲ್ಲಿ, ಮಿದುಳಿನ ಕಾಂಡ ಶೇ. 10 ಫಾರ್ಮಲಿನ್‌ನಲ್ಲಿ ಇಡಿ. ಬರೀ ಫಾರ್ಮಲಿನ್‌ನಲ್ಲಿಟ್ಟರೆ ಡಿಎನ್‌ಎ ಮುರಿದು ಜೀನ್ ಓದಲು ಕಷ್ಟವಾಗುತ್ತದೆ.

ಗಂಗೋತ್ರಿ_ಪ್ರಾಣಿಶಾಸ್ತ್ರ (ಮೈಸೂರು)

ಎಲ್ಲರಿಗೂ ಋಣಿ. ಪ್ರಸ್ತಾವವನ್ನು ಹೀಗೆ ತಿದ್ದುತ್ತಿದ್ದೇನೆ: 13.5, 18.5, ಹುಟ್ಟಿದ ದಿನ, 21ನೇ ದಿನ ನಾಲ್ಕು ಎಣಿಕೆ; ಹುಟ್ಟಿದ ದಿನ ನಾಲ್ಕು ಗಂಟೆಗೊಮ್ಮೆ ತೂಕ, ಬಣ್ಣ, ಹಾಲಿನ ಗುರುತು; ಅಂಗುಳ ಮತ್ತು ಶ್ವಾಸಕೋಶ ಪ್ರತಿ ಮರಿಗೂ; ಅರ್ಧ ಸೂಲು ಸಾಕುತಾಯಿಗೆ. ಒಂದು ಅನುಮಾನ ಉಳಿದಿದೆ. ಎಲ್‌ಐಎಫ್ ರಿಸೆಪ್ಟರ್ ನಲ್‌ನಲ್ಲಿ ಮಾಸೂ ಕೆಟ್ಟಿರುತ್ತದಲ್ಲ, ನರಕೋಶದ ನಷ್ಟ ಮಾಸಿನಿಂದ ಆದದ್ದಲ್ಲ ಅಂತ ಹೇಗೆ ಹೇಳುವುದು?

ಜಾಕ್_ಸ್ಟ್ಯಾಟ್

ನಲ್ ಇಲಿಯಿಂದ ಹೇಳಲಾಗದು. ಲಾಕ್ಸ್-ಪಿ ಎಂಬ ಕತ್ತರಿಸುವ ಗುರುತು ಕಟ್ಟಿದ ಜೀನ್ ಇರುವ ಇಲಿಗೆ ನೆಸ್ಟಿನ್-ಕ್ರೀ (ಆ ಗುರುತಿನಲ್ಲಿ ಕತ್ತರಿಸುವ, ನರಮಂಡಲದಲ್ಲಿ ತಯಾರಾಗುವ ಕಿಣ್ವ) ಕೂಡಿಸಿ ನರಮಂಡಲದಲ್ಲಿ ಮಾತ್ರ ತೆಗೆಯಬೇಕು. ಆಗ ಮಾಸು ಸರಿಯಾಗಿರುತ್ತದೆ. ಆದರೂ ಪ್ರತಿ ಮರಿಯ ಮಾಸನ್ನು ತೂಗಿ ತುಂಡು ಮಾಡಿ ಇಟ್ಟುಕೊಳ್ಳಿ, ಮರಿಯ ಸಂಖ್ಯೆಯನ್ನೇ ಅದಕ್ಕೂ ಬರೆಯಿರಿ. ಕ್ರೀ ಮಾತ್ರ ಇರುವ, ಲಾಕ್ಸ್-ಪಿ ಇಲ್ಲದ ಮರಿಗಳನ್ನು ನಿಯಂತ್ರಣವಾಗಿ ಅದೇ ಸೂಲಿನಿಂದ ತೆಗೆದುಕೊಳ್ಳಿ. ನೆಸ್ಟಿನ್-ಕ್ರೀ ಇಲಿಗಳು ತಾವೇ ಸ್ವಲ್ಪ ಸಣ್ಣಗಿರುತ್ತವೆ, ಆ ತೂಕದ ಕೊರತೆಯನ್ನು ರಿಸೆಪ್ಟರಿನ ಖಾತೆಗೆ ಬರೆಯುವಂತಾಗಬಾರದು.